ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಕೆಂಗೇರಿ ಉಪನಗರಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹನುಮಂತನಗರದ ಒಂದು ಬೆಡ್‌ರೂಮಿನ ಮನೆ ಬಿಟ್ಟು ನಾವು ಊರಂಚಿನ ಕೆಂಗೇರಿ ಉಪನಗರಕ್ಕೆ ಬಂದಿದ್ದು 2024ರ ಸಂಕ್ರಾಂತಿ ಕಳೆದ ಮೇಲೆ. ಆಗ ಮಗಳು ಯುಕೆಜಿ, ಮಗನಿಗೆ ಎಂಟು ತಿಂಗಳು. ಜೊತೆಗೆ ನಮ್ಮತ್ತೆ. ಅಂದಿನಿಂದ ಆಫೀಸಿನವರು, ನೆಂಟರು, ಮಗಳ ಹಳೇ ಸ್ಕೂಲಿನ ಅಮ್ಮಂದಿರು ಎಲ್ಲರೂ ಅದದೇ ಪ್ರಶ್ನೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಯಲಹಂಕಕ್ಕೋ ತಲಘಟ್ಟಪುರಕ್ಕೋ ಹೊರಟವರಿಗೂ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ. ನಿಲ್ದಾಣದ ಹೆಸರು ಬದಲಿಸಿಕೊಂಡು ಓದಿ.

ಅಷ್ಟು ದೂರ ಯಾಕೆ ಹೋದ್ರಿ?

ಜಾಗ ಸಾಲಲಿಲ್ಲ, ಅಷ್ಟೇ. ಹನುಮಂತನಗರದಲ್ಲಿ 16,000 ಕೊಟ್ಟು ಒಂದು ರೂಮು, ಹಾಲ್. ಮಗ ಹುಟ್ಟಿದ ಮೇಲೆ ಅತ್ತೆ ಹಾಲ್‌ನಲ್ಲಿ, ತೊಟ್ಟಿಲು ಅಡುಗೆಮನೆ ಬಾಗಿಲಲ್ಲಿ. ಇಲ್ಲಿ 17,500ಕ್ಕೆ ಎರಡು ರೂಮು, ಮುಂದೆ ಒಂದಿಷ್ಟು ಸಿಟ್‌ಔಟು, ಮೇಲೆ ಟೆರೇಸ್.

ದೂರ ಅನ್ನೋದು ಈಗ ಹಳೇ ಮಾತು ಕೂಡ. ಕೆಂಗೇರಿಗೆ ತನ್ನದೇ ಪುರಸಭೆ ಇತ್ತು. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ದೊಡ್ಡದಾಗಿ ಬಿಬಿಎಂಪಿ ಆದಾಗ ಏಳು ನಗರಸಭೆಗಳ ಜೊತೆ ಸೇರಿಕೊಂಡ ಒಂದೇ ಒಂದು ಪುರಸಭೆ ಇದು. ನಮ್ಮ ಬೀದಿಯ ಹಳಬರು ಇವತ್ತಿಗೂ ಮೆಟ್ರೋ ಹತ್ತುವಾಗ ‘ಬೆಂಗಳೂರಿಗೆ ಹೋಗಿ ಬರ್ತೀನಿ’ ಅಂತಾರೆ. ಮೊದಮೊದಲು ನಗು ಬರುತ್ತಿತ್ತು. ಈಗ ನಾನೂ ಹಾಗೇ ಹೇಳುತ್ತೇನೆ.

ಮನೆ ನೋಡುವಾಗ ಮೊದಲು ಏನು ನೋಡಬೇಕು?

ಬೀದಿ.

ನಾವು ಮಾಡಿದ ದೊಡ್ಡ ತಪ್ಪು ಇದೇ. ಮೊದಲು ಒಪ್ಪಿಕೊಂಡ ಮನೆಯಲ್ಲಿ ವಾರ್ಡ್‌ರೋಬ್ ನೋಡಿದೆವು, ಟೈಲ್ಸ್ ನೋಡಿದೆವು, ದೇವರ ಮನೆಯ ದಿಕ್ಕು ನೋಡಿದೆವು. ಬಾಗಿಲಾಚೆ ಏನಿದೆ ಅಂತ ನೋಡಲಿಲ್ಲ. ಟೋಕನ್ ಅಡ್ವಾನ್ಸ್ 10,000 ಕೊಟ್ಟಾದ ಮೇಲೆ ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋದೆವು. ಅವಳು ಮೂಗು ಮುಚ್ಚಿಕೊಂಡು ನಿಂತಳು. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ಕೊಳಚೆ ಹರಿಯುವ ವೃಷಭಾವತಿ ನದಿಯ ವಾಸನೆ. ನಾವು ಮೊದಲು ಮನೆ ನೋಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಆಗ ಏನೂ ಗೊತ್ತಾಗಿರಲಿಲ್ಲ. ಬ್ರೋಕರ್ ‘ಅಭ್ಯಾಸ ಆಗುತ್ತೆ ಮೇಡಂ’ ಅಂದರು. ಅಡ್ವಾನ್ಸ್‌ನಲ್ಲಿ ಅರ್ಧ ಮಾತ್ರ ವಾಪಸ್ ಬಂತು.

ದೊಡ್ಡವರು ದಿನಕ್ಕೆ ಹತ್ತು ಗಂಟೆ ಹೊರಗಿರುತ್ತೇವೆ. ಮಕ್ಕಳಿಗೆ, ಅಜ್ಜಿಗೆ ಮನೆಯಿಂದ ಹತ್ತು ನಿಮಿಷ ನಡೆದರೆ ಏನು ಸಿಗುತ್ತದೋ ಅದೇ ಪ್ರಪಂಚ. ಹಾಗಾಗಿ ಎರಡನೇ ಸಲ ಮನೆ ಹುಡುಕುವಾಗ ಮಗಳ ಕೈ ಹಿಡಿದು ಬೀದಿ ನಡೆದೇ ನೋಡಿದೆ. ಅವಳ ಹೆಜ್ಜೆಯಲ್ಲಿ ನಂದಿನಿ ಬೂತ್‌ಗೆ ನಾಲ್ಕು ನಿಮಿಷ, ಪಾರ್ಕಿಗೆ ಏಳು. ಮೆಡಿಕಲ್ ಸ್ಟೋರಿಗೆ ಹೋಗಲು ದೊಡ್ಡ ರಸ್ತೆ ದಾಟಬೇಕಾ? ಫುಟ್‌ಪಾತ್ ಇದೆಯಾ, ಅದರ ಮೇಲೆ ಬೈಕ್ ನಿಂತಿದೆಯಾ? ಸಂಜೆ ಆರರ ಮೇಲೆ ಬೀದಿದೀಪ ಹತ್ತುತ್ತವಾ? ಇನ್ನೊಂದು ಗುಟ್ಟು ಹೇಳುತ್ತೇನೆ. ಸಂಜೆ ಐದೂವರೆಗೆ ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರಾ ನೋಡಿ. ಆಡುತ್ತಿದ್ದರೆ ಉಳಿದದ್ದನ್ನು ಅವರ ಅಮ್ಮಂದಿರು ಆಗಲೇ ಪರೀಕ್ಷೆ ಮಾಡಿಟ್ಟಿದ್ದಾರೆ ಅಂತ.

ನೀರಿನ ಪರಿಸ್ಥಿತಿ ಹೇಗಿದೆ?

ನಿಜ ಹೇಳಬೇಕೆಂದರೆ ಬೇರೆ ಎಲ್ಲಕ್ಕಿಂತ ಮುಂಚೆ ಈ ಪ್ರಶ್ನೆ ಕೇಳಬೇಕು. ನಾವು ಬಂದು ಎರಡು ತಿಂಗಳಾಗಿತ್ತು, 2024ರ ಮಾರ್ಚ್. ಬೆಂಗಳೂರಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೈ ಕೊಟ್ಟ ಬೇಸಿಗೆ ಅದು. ಕಾರು ತೊಳೆಯಲು, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಟ್ಯಾಂಕರ್ ರೇಟ್ ಕೈಮೀರಿ ಹೋಗಿ ಜಿಲ್ಲಾಡಳಿತವೇ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 12,000 ಲೀಟರಿಗೆ 1,000 ರೂಪಾಯಿ. ಮಗುವಿನ ಬಟ್ಟೆ ದಿನಕ್ಕೆ ಹದಿನೈದು ಒಗೆಯುವ ಮನೆಯಲ್ಲಿ ಆ ತಿಂಗಳು ಹೇಗೆ ಕಳೆದೆವೋ ನಮಗೇ ಗೊತ್ತು. ಬಟ್ಟೆ ಒಗೆದ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಟಾಯ್ಲೆಟ್‌ಗೆ ಹಾಕುತ್ತಿದ್ದೆವು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಆಮೇಲೆ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು. ಮುಖ್ಯವಾಗಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಆದರೆ ಯೋಜನೆ ಬಂದಿದೆ ಅಂದ ಮಾತ್ರಕ್ಕೆ ನೀವು ನೋಡುತ್ತಿರುವ ಮನೆಯ ಸಂಪ್‌ಗೆ (ನೆಲದಡಿಯ ನೀರಿನ ತೊಟ್ಟಿಗೆ) ಪೈಪ್ ಬಂದಿದೆ ಅಂತಲ್ಲ. ‘ಕಾವೇರಿ ಇದೆ’ ಅಂತ ಬೋರ್ಡ್ ಹಾಕಿದ್ದರೆ ಜಲಮಂಡಳಿಯ ಬಿಲ್ ತೋರಿಸಿ ಅನ್ನಿ. ಬಿಲ್ ಇದ್ದರೆ ಕನೆಕ್ಷನ್ ಇದೆ. ಆಮೇಲೆ ಪಕ್ಕದ ಮನೆ ಆಂಟಿಯನ್ನು ಕೇಳಿ. ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ? ಮಧ್ಯರಾತ್ರಿ ಬಿಟ್ಟರೆ ಸಂಪ್ ತಾನಾಗೇ ತುಂಬುತ್ತಾ, ಯಾರಾದರೂ ಎದ್ದು ವಾಲ್ವ್ ತಿರುಗಿಸಬೇಕಾ? ನಮ್ಮ ಬೀದಿಯಲ್ಲಿ ದಿನ ಬಿಟ್ಟು ದಿನ, ಬೆಳಗಿನ ಜಾವ.

ಬೋರ್ ನೀರು ಮಾತ್ರ ಇರುವ ಮನೆಯಾದರೆ ಬಾತ್‌ರೂಮಿನ ನಲ್ಲಿ ಬಾಯಿ ನೋಡಿ, ಬಕೆಟ್ ಒಳಗೆ ಕೈಯಾಡಿಸಿ. ಬಿಳಿ ಕರೆ ಕಟ್ಟಿದ್ದರೆ ಗಡಸು ನೀರು. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಗೀಸರ್ ಕಾಯಿಲ್ ವರ್ಷಕ್ಕೊಮ್ಮೆ ಹೋಗುತ್ತದೆ. ನೀರಿನ ದೂರಿಗೆ 1916.

ಬಾಡಿಗೆ, ಅಡ್ವಾನ್ಸ್, ಲೀಸ್: ಯಾವುದು ವಾಸಿ?

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನ ಹಳೇ ಪದ್ಧತಿ ಹತ್ತು ತಿಂಗಳ ಬಾಡಿಗೆ. ಈಗ ಐದಾರು ತಿಂಗಳಿಗೂ ಒಪ್ಪುವ ಓನರ್‌ಗಳಿದ್ದಾರೆ, ಕೇಳುವುದರಲ್ಲಿ ತಪ್ಪೇನಿಲ್ಲ. ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಮಾಮೂಲು. ಅದನ್ನೂ 11 ತಿಂಗಳ ಕರಾರಿನಲ್ಲೇ ಬರೆಸಿಕೊಳ್ಳಿ. ಮಕ್ಕಳಿರುವವರು ಗೋಡೆಯ ಫೋಟೋ ಮೊದಲ ದಿನವೇ ತೆಗೆದಿಟ್ಟುಕೊಳ್ಳಿ. ಕ್ರೆಯಾನ್ ಗೆರೆಗಳಲ್ಲಿ ನಿಮ್ಮ ಮಕ್ಕಳದ್ದು ಯಾವುದು, ಹಿಂದಿನವರ ಮಕ್ಕಳದ್ದು ಯಾವುದು ಅಂತ ಆಮೇಲೆ ವಾದ ಮಾಡಲು ಆಗಲ್ಲ.

ಲೀಸ್ ಅಥವಾ ಭೋಗ್ಯ ಅಂದರೆ ಒಂದೇ ಸಲ ದೊಡ್ಡ ಗಂಟು ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು. ಕೇಳಲು ಚೆಂದ. ಆದರೆ ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ನಿಮ್ಮ ಗಂಟಿನ ಮುಖ ನೋಡುವುದಿಲ್ಲ. ಇ.ಸಿ., ಅಂದರೆ ಋಣಭಾರ ಪತ್ರ ತೆಗೆಸಿ ನೋಡದೆ, ಕರಾರು ನೋಂದಣಿ ಮಾಡಿಸದೆ ಲೀಸ್‌ಗೆ ಕೈ ಹಾಕಬೇಡಿ. ನನ್ನನ್ನು ಕೇಳಿದರೆ ಬೇಡವೇ ಬೇಡ. ಮಕ್ಕಳ ದುಡ್ಡು ಅದು.

ನೇರವಾಗಿ ಮನೆ ಕೊಂಡುಬಿಡೋಣ ಅಂತಿದ್ದೇವೆ...

ಒಂದು ಮಳೆಗಾಲ, ಒಂದು ಬೇಸಿಗೆ ಅದೇ ಏರಿಯಾದಲ್ಲಿ ಬಾಡಿಗೆಗೆ ಇದ್ದು ಆಮೇಲೆ ಕೊಳ್ಳಿ. ಯಾವ ತಿರುವಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ ಅಂತ ಯಾವ ಬ್ರೋಷರ್‌ನಲ್ಲೂ ಬರೆದಿರುವುದಿಲ್ಲ.

ಕಾಗದಪತ್ರಕ್ಕೆ ವಕೀಲರನ್ನು ಹಿಡಿಯಿರಿ, ನಾನು ಹೇಳುವುದು ಬರೀ ತಲೆಯಲ್ಲಿ ಇಟ್ಟುಕೊಳ್ಳಲು. ಪಾಲಿಕೆಯ ಆಸ್ತಿ ದಾಖಲೆ ಎ ಖಾತಾನಾ, ಬಿ ಖಾತಾನಾ? ಅದರ ಆನ್‌ಲೈನ್ ರೂಪ ಇ-ಖಾತಾ ಬಂದಿದೆಯಾ? 2024ರ ಅಕ್ಟೋಬರ್‌ನಿಂದ ನಗರದಲ್ಲಿ ಅದಿಲ್ಲದೆ ನೋಂದಣಿ ಆಗಲ್ಲ. ಸೈಟು ರೆವಿನ್ಯೂನಾ, ಅಂದರೆ ಕೃಷಿ ಜಮೀನಿನಲ್ಲಿ ಮಾಡಿದ್ದಾ, ಅಲಿನೇಷನ್ (ಭೂಪರಿವರ್ತನೆ) ಆಗಿದೆಯಾ? ಅಪಾರ್ಟ್‌ಮೆಂಟ್ ಆದರೆ ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪತ್ರ) ಇದೆಯಾ? 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಓಸಿ ತೋರಿಸಿದ ಮೇಲೆಯೇ ಕರೆಂಟ್, ನೀರಿನ ಕನೆಕ್ಷನ್. ಹೊಸ ಕಟ್ಟಡ ಕೊಳ್ಳುವವರು ‘ಓಸಿ ಆಮೇಲೆ ಬರುತ್ತೆ’ ಅನ್ನುವ ಮಾತನ್ನು ನಂಬಿ ಸಹಿ ಹಾಕಬೇಡಿ.

ಖರ್ಚಿನ ಲೆಕ್ಕದಲ್ಲಿ ನೋಂದಣಿ ಮರೆಯಬೇಡಿ. 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ 5%, ಮೇಲೆ ಸೆಸ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರ ಬದಲು 2% ಆಗಿದೆ. ಇನ್ನು ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ನಿಮ್ಮ ಮನೆ ಯಾವ ಪಾಲಿಕೆಗೆ ಅಂತ ಒಮ್ಮೆ ಕೇಳಿಟ್ಟುಕೊಳ್ಳಿ, ಕಸದ ಗಾಡಿ ಬರದ ದಿನ ಬೇಕಾಗುತ್ತದೆ.

ಆಫೀಸಿಗೆ ಓಡಾಟ ಕಷ್ಟ ಅಲ್ವಾ?

ಯಾವ ದಿಕ್ಕಿನ ಆಫೀಸು ಅನ್ನುವುದರ ಮೇಲಿದೆ. ನನ್ನದು ವಿಧಾನಸೌಧದ ಹತ್ತಿರ. ನೇರಳೆ ಮಾರ್ಗದಲ್ಲಿ ಕೂತರೆ ಎಲ್ಲೂ ಬದಲಿಸುವುದಿಲ್ಲ. ಕೆಂಗೇರಿಗೆ ಮೆಟ್ರೋ ಬಂದಿದ್ದು 2021ರ ಆಗಸ್ಟ್ ಕೊನೆಯಲ್ಲಿ, ಚಲ್ಲಘಟ್ಟಕ್ಕೆ ಮುಂದುವರಿದದ್ದು 2023ರ ಅಕ್ಟೋಬರ್‌ನಲ್ಲಿ. ಊರಿನ ಆ ತುದಿಯಲ್ಲೇ ಹತ್ತುವುದರಿಂದ ಬೆಳಿಗ್ಗೆ ಸೀಟು ಸಿಗುತ್ತದೆ. ಅತ್ತಿಗುಪ್ಪೆ, ವಿಜಯನಗರದಲ್ಲಿ ಹತ್ತುವವರು ನಮ್ಮನ್ನು ನೋಡುವ ನೋಟ ಇದೆಯಲ್ಲ, ಅದು ಬೇರೆ ಮಾತು.

ದರ ಅಗ್ಗವೇನಲ್ಲ. 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಏರಿತು. ಸ್ಮಾರ್ಟ್ ಕಾರ್ಡ್ ಇದ್ದರೆ 5% ರಿಯಾಯಿತಿ. ಮೂರು ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಬೇಡ. ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಉಚಿತ. ಹಾಗಾಗಿ ತಿಂಗಳ ಕೊನೆಯಲ್ಲಿ ನಾನು ಒಂದೆರಡು ದಿನ ಬಸ್ಸಿಗೇ ಹೋಗುವುದುಂಟು.

ನಮ್ಮನೆಯವರ ಕಥೆ ಬೇರೆ. ಅವರ ಕೆಲಸ ಎಲೆಕ್ಟ್ರಾನಿಕ್ ಸಿಟಿ. ನೈಸ್ ರಸ್ತೆಯಲ್ಲಿ ಬೈಕ್. ರಸ್ತೆ ಬೇಗ ಸಾಗುತ್ತದೆ, ಆದರೆ ಟೋಲ್ ಬೈಕಿಗೂ ಇದೆ. ಹೋಗಿ ಬರುವ ಟೋಲ್, ಪೆಟ್ರೋಲು, ತಿಂಗಳಿಗೆ 22 ದಿನ. ಮನೆ ಬದಲಿಸುವ ಮುಂಚೆ ಈ ಗುಣಾಕಾರ ಮಾಡಲೇ ಇಲ್ಲ ನಾವು. ಎರಡು ರೂಮಿನ ಮನೆಗೆ ಅಲ್ಲಿಗಿಂತ ಇಲ್ಲಿ ಬಾಡಿಗೆ ಎಷ್ಟು ಕಮ್ಮಿ ಅಂತ ಮಾತ್ರ ನೋಡಿದ್ದೆವು. ನೀವು ಮಾಡಿ.

ಗಮನಿಸಿ, ‘ಕೆಂಗೇರಿ ಬಸ್ ಟರ್ಮಿನಲ್’ ಮತ್ತು ‘ಕೆಂಗೇರಿ’ ಬೇರೆ ಬೇರೆ ಮೆಟ್ರೋ ನಿಲ್ದಾಣ. ನಮ್ಮ ನೆಂಟರಲ್ಲಿ ಅರ್ಧ ಜನ ತಪ್ಪು ಕಡೆ ಇಳಿದು ಫೋನ್ ಮಾಡಿದ್ದಾರೆ.

ಶನಿವಾರ ಭಾನುವಾರ ಊರಿಗೆ ಹೋಗಲು ಅನುಕೂಲ ಇದೆಯಾ?

ಮೈಸೂರು, ಮಂಡ್ಯ ಕಡೆಯವರಾದರೆ ತುಂಬಾ. ನಮ್ಮತ್ತೆ ಊರು ಮದ್ದೂರಿನ ಹತ್ತಿರ. ಬೆಂಗಳೂರು ದಾಟುವ ಗೋಳೇ ಇಲ್ಲ. ಎಕ್ಸ್‌ಪ್ರೆಸ್‌ವೇಗೆ ಬೈಕು, ಆಟೋ ಬಿಡಲ್ಲ (2023ರ ಆಗಸ್ಟ್‌ನಿಂದ), ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಕೆಂಗೇರಿಯಲ್ಲಿ ರೈಲು ನಿಲ್ದಾಣವೂ ಇದೆ. ಭಾನುವಾರ ಸಂಜೆ ಮಾತ್ರ ಮೈಸೂರು ರಸ್ತೆಗೆ ಇಳಿಯಬೇಡಿ, ದಸರಾ ಮೆರವಣಿಗೆ ಇದ್ದ ಹಾಗಿರುತ್ತದೆ.

ಮಕ್ಕಳ ಸ್ಕೂಲು ಯಾವಾಗ ಬದಲಿಸಬೇಕು? ಮಧ್ಯದಲ್ಲಿ ಸೇರಿಸಿಕೊಳ್ತಾರಾ?

ಸಾಧ್ಯವಾದರೆ ಏಪ್ರಿಲ್-ಮೇನಲ್ಲಿ ಮನೆ ಬದಲಿಸಿ. ನಾವು ಜನವರಿಯಲ್ಲಿ ಬಂದು ಯುಕೆಜಿಯ ಕೊನೆಯ ಎರಡು ತಿಂಗಳು ಹಳೇ ಸ್ಕೂಲಿಗೇ ಕಳಿಸಿದೆವು. ಬೆಳಿಗ್ಗೆ ಆರೂಮುಕ್ಕಾಲಿಗೆ ಮನೆ ಬಿಡಬೇಕು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ನ್ಯಾಷನಲ್ ಕಾಲೇಜು, ಅಲ್ಲಿಂದ ಆಟೋ. ಹೊಸಹಳ್ಳಿ ಬರುವಷ್ಟರಲ್ಲಿ ನನ್ನ ತೊಡೆ ಮೇಲೆ ಗಾಢ ನಿದ್ದೆ. ಅವಳನ್ನು ಒಂದು ಹೆಗಲಿಗೆ, ಬ್ಯಾಗು, ನೀರಿನ ಬಾಟಲಿ ಇನ್ನೊಂದು ಹೆಗಲಿಗೆ ಹಾಕಿಕೊಂಡು ಮೆಜೆಸ್ಟಿಕ್ ಎಸ್ಕಲೇಟರ್ ಇಳಿಯುವುದನ್ನು ಯಾರಿಗೂ ಶಿಫಾರಸು ಮಾಡಲ್ಲ.

ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವುದು 2025–26ರಿಂದ ಬಂದ ನಿಯಮ. ಆ ಒಂದು ವರ್ಷಕ್ಕೆ ಮಾತ್ರ ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳು ಅಂತ ಸಡಿಲಿಸಿದ್ದರು. ಮಗುವಿನ ಹುಟ್ಟಿದ ತಾರೀಕು ಆಸುಪಾಸಿನಲ್ಲಿದ್ದರೆ ಸ್ಕೂಲಿನಲ್ಲಿ ಆ ಸಾಲಿನ ಆದೇಶ ಕೇಳಿಯೇ ಮುಂದುವರಿಯಿರಿ.

ಹಳೇ ಸ್ಕೂಲಿನಿಂದ ಟಿಸಿ (ವರ್ಗಾವಣೆ ಪತ್ರ), ಮತ್ತು ಮಗುವಿನ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಂಖ್ಯೆ) ತಪ್ಪದೇ ತೆಗೆದುಕೊಳ್ಳಿ. ಫೀಸ್ ಬಾಕಿ ಅಂತ ನಮ್ಮ ಪರಿಚಯದವರೊಬ್ಬರಿಗೆ ಟಿಸಿ ಕೊಡಲು ಎರಡು ತಿಂಗಳು ಓಡಾಡಿಸಿದರು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಪ್ರಕಾರ ಮುಖ್ಯೋಪಾಧ್ಯಾಯರು ಟಿಸಿ ಕೂಡಲೇ ಕೊಡಬೇಕು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಟಿಸಿ ತಡವಾಯಿತು ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಈ ಮಾತು ನೆನಪಿಟ್ಟುಕೊಂಡು ಹೋಗಿ, ಧೈರ್ಯ ಇರುತ್ತದೆ. ಆರ್‌ಟಿಇಯ ಉಚಿತ ಸೀಟು ಅಂತ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಅಕ್ಕಪಕ್ಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ನಮ್ಮ ರಾಜ್ಯದಲ್ಲಿ ಖಾಸಗಿ ಶಾಲೆಯ ಆ ಸೀಟು ಸಿಗುವುದಿಲ್ಲ.

ಸ್ಕೂಲು ಆರಿಸುವಾಗಲೂ ನನ್ನದು ಅದೇ ಹಳೇ ರಾಗ, ನಡೆದು ಹೋಗುವಷ್ಟು ಹತ್ತಿರ ಇರಲಿ. ದೊಡ್ಡ ಹೆಸರಿನ ಸ್ಕೂಲಿನ ವ್ಯಾನು ನಮ್ಮ ಬೀದಿಗೆ 7.10ಕ್ಕೆ ಬರುತ್ತದೆ, ಮಕ್ಕಳು ತಿಂಡಿ ತಿನ್ನದೆ ಹತ್ತುತ್ತಾರೆ. ನನ್ನ ಮಗಳು 8.20ಕ್ಕೆ ಅಜ್ಜಿ ಜೊತೆ ನಡೆದು ಹೋಗುತ್ತಾಳೆ. ಒಂದು ಗಂಟೆ ಜಾಸ್ತಿ ನಿದ್ದೆ ಮಾಡುತ್ತಾಳೆ. ಮಿಕ್ಕ ವ್ಯತ್ಯಾಸ ನನಗಿನ್ನೂ ಕಂಡಿಲ್ಲ.

ಲಸಿಕೆ, ಡಾಕ್ಟರ್ ವಿಷಯ?

ತಾಯಿ ಕಾರ್ಡ್ (ಮಗುವಿನ ಲಸಿಕೆ ಬರೆಯುವ ಕಾರ್ಡ್) ಕೈಚೀಲದಲ್ಲಿ ಇಟ್ಟುಕೊಳ್ಳಿ. ಕೈಚೀಲದಲ್ಲಿ. ರಟ್ಟಿನ ಪೆಟ್ಟಿಗೆಯಲ್ಲಿ ಬೇಡ.

ನಾವು ಅದನ್ನು ‘ಮುಖ್ಯವಾದದ್ದು’ ಅಂತ ಒಂದು ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಇನ್ನೊಂದು ಪೆಟ್ಟಿಗೆಗೆ ಹಾಕಿ, ಆ ಪೆಟ್ಟಿಗೆಯ ಮೇಲೆ ಏನೂ ಬರೆಯದೆ ಬಿಟ್ಟೆವು. ಮಗನಿಗೆ ಒಂಬತ್ತು ತಿಂಗಳು ತುಂಬಿತು, ದಡಾರ-ರುಬೆಲ್ಲಾ ಲಸಿಕೆ ಮತ್ತು ವಿಟಮಿನ್ ಎ ಹಾಕಿಸಬೇಕು. ಕಾರ್ಡ್ ಇಲ್ಲ. ಹದಿನೆಂಟು ಪೆಟ್ಟಿಗೆ ಬಿಚ್ಚಿದೆವು. ಮೂರು ವಾರ ಕಳೆದ ಮೇಲೆ ಅತ್ತೆ ಅಕ್ಕಿ ಡ್ರಮ್ಮಿಗೆ ಕೈ ಹಾಕಿದಾಗ ಸಿಕ್ಕಿತು. ಒದ್ದೆ ಆಗಬಾರದು ಅಂತ ಅವರೇ ಪ್ಲಾಸ್ಟಿಕ್ ಕವರ್ ಸುತ್ತಿ ಅಕ್ಕಿಯೊಳಗೆ ಹುಗಿದು ಮರೆತಿದ್ದರು! ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಕಾರ್ಡ್ ಬಿಚ್ಚಿದಾಗ ಎರಡು ಅಕ್ಕಿ ಕಾಳು ಮೇಜಿನ ಮೇಲೆ ಬಿದ್ದವು. ‘ಒಳ್ಳೆಯದೇ, ಅಕ್ಷತೆ ಹಾಕಿಸ್ಕೊಂಡೇ ಬಂದಿದ್ದಾನೆ’ ಅಂದರು.

ಯಾವ ಊರಿನ ಕಾರ್ಡ್ ಆದರೂ ಸರಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮುಂದಿನ ಲಸಿಕೆ ಉಚಿತವಾಗಿ ಹಾಕುತ್ತಾರೆ. ಹೊಸ ಬೀದಿಯ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರ ನಂಬರೂ ಮೊದಲ ವಾರವೇ ಇಟ್ಟುಕೊಳ್ಳಿ. ಸಣ್ಣ ಜ್ವರ ಕೆಮ್ಮಿಗೆ ಸರ್ಕಾರದ ‘ನಮ್ಮ ಕ್ಲಿನಿಕ್’ ಇದೆ. ರಾತ್ರಿ ಎರಡು ಗಂಟೆಗೆ ಮಗುವಿಗೆ ಜ್ವರ ಏರಿದರೆ ಯಾವ ಆಸ್ಪತ್ರೆ, ಯಾವ ದಾರಿ ಅನ್ನುವುದನ್ನು ಹಗಲಿನಲ್ಲಿ ಒಮ್ಮೆ ಹೋಗಿ ನೋಡಿ ಬನ್ನಿ. ಬೀದಿನಾಯಿ ಇಲ್ಲಿ ಜಾಸ್ತಿ. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಇಂಜೆಕ್ಷನ್‌ಗೆ ಹೋಗಿ. ಅರಿಶಿನ ಹಚ್ಚಿ ಕಾಯುವುದು ಬೇಡ.

ಸಾಮಾನು ಸಾಗಿಸಲು ಯಾವ ಸಮಯ ಒಳ್ಳೆಯದು?

ಆಷಾಢ, ಧನುರ್ಮಾಸದಲ್ಲಿ ಜನ ಮನೆ ಬದಲಿಸಲ್ಲ. ಆದ್ದರಿಂದಲೇ ಆಗ ಖಾಲಿ ಮನೆ ಜಾಸ್ತಿ, ಓನರ್ ಬಾಗುತ್ತಾರೆ, ಟೆಂಪೋದವರೂ ಸಿಗುತ್ತಾರೆ. ಮನೆ ನೋಡಿ ಮಾತಾಡುವುದು ಆಷಾಢದಲ್ಲಿ, ಹಾಲು ಉಕ್ಕಿಸುವುದು ಶ್ರಾವಣದಲ್ಲಿ ಅಂತ ಇಟ್ಟುಕೊಂಡರೆ ಅಜ್ಜಿಯೂ ಒಪ್ಪುತ್ತಾರೆ, ಜೇಬೂ ಒಪ್ಪುತ್ತದೆ.

ಕೂಲಿ, ಮೆಟ್ಟಿಲು, ಎಲ್ಲ ಸೇರಿಸಿ ಎಷ್ಟು ಅಂತ ಮೊದಲೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಮ್ಮ ಟೆಂಪೋದವರು ಬೀರುವನ್ನು ಅರ್ಧ ಮೆಟ್ಟಿಲಲ್ಲಿ ನಿಲ್ಲಿಸಿ 1,500 ಜಾಸ್ತಿ ಕೇಳಿದರು. ಆ ಹೊತ್ತಿನಲ್ಲಿ ಚೌಕಾಸಿ ಮಾಡುವ ಶಕ್ತಿ ಯಾರಿಗಿರುತ್ತದೆ? ಮೊದಲ ರಾತ್ರಿಗೆ ಬೇಕಾದ್ದನ್ನು ಬೇರೆ ಚೀಲದಲ್ಲಿ ಇಡಿ. ಹಾಲಿನ ಬಾಟಲಿ, ಡೈಪರ್, ಸೊಳ್ಳೆಪರದೆ, ಒಂದು ಬಲ್ಬು, ಕುಕ್ಕರ್, ಅಕ್ಕಿ-ಬೇಳೆ. ಮಗಳ ಹಳೇ ಹೊದಿಕೆಯನ್ನು ಒಗೆಯದೇ ಹಾಗೇ ತನ್ನಿ. ಗೊತ್ತಿರುವ ವಾಸನೆ ಇದ್ದರೆ ನಿದ್ದೆ ಬರುತ್ತದೆ.

ವಿಳಾಸ ಬದಲಾವಣೆ ಎಲ್ಲೆಲ್ಲಿ?

ಕರೆಂಟು ಮೊದಲು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಆಧಾರ್ ಹಳೇ ಮನೆಯ ಆರ್‌ಆರ್ ನಂಬರಿಗೆ (ಬಿಲ್ ಮೇಲಿನ ಕನೆಕ್ಷನ್ ಸಂಖ್ಯೆಗೆ) ಅಂಟಿಕೊಂಡಿರುತ್ತದೆ. ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಅದನ್ನು ಬಿಡಿಸಿ, ಹೊಸ ಮನೆಯ ಆರ್‌ಆರ್ ನಂಬರಿಗೆ ಜೋಡಿಸಬೇಕು. ಹಿಂದಿನ ಬಾಡಿಗೆದಾರರು ಬಿಡಿಸದೇ ಹೋಗಿದ್ದರೆ ನಿಮಗೆ ತಾಪತ್ರಯ, ಹಾಗಾಗಿ ಕೀ ತೆಗೆದುಕೊಳ್ಳುವಾಗಲೇ ಓನರನ್ನು ಕೇಳಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಅನ್ನುವುದು ಗೊತ್ತಿರಲಿ. ಮಗುವಿಗೆ ದಿನಕ್ಕೆ ಎರಡು ಸಲ ಗೀಸರ್ ಹಾಕುವ ಮನೆ ಸುಲಭವಾಗಿ ದಾಟುತ್ತದೆ.

ಗ್ಯಾಸ್ ಏಜೆನ್ಸಿ ವರ್ಗಾವಣೆ ಆನ್‌ಲೈನ್‌ನಲ್ಲೇ ಆಗುತ್ತದೆ, ಒಂದೇ ಊರೊಳಗೆ ಸಿಲಿಂಡರ್ ವಾಪಸ್ ಒಪ್ಪಿಸಬೇಕಿಲ್ಲ. ರೇಷನ್ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳು ಒತ್ತಿ ತೆಗೆದುಕೊಳ್ಳಬಹುದು. ಓಟರ್ ಲಿಸ್ಟ್‌ಗೆ ಫಾರಂ 8. ಆಧಾರ್ ವಿಳಾಸ ಮನೆಯಲ್ಲೇ ಕೂತು ಬದಲಿಸಬಹುದು, ಬಾಡಿಗೆ ಕರಾರು ನೋಂದಣಿ ಆಗಿದ್ದರೆ ದಾಖಲೆಯಾಗಿ ನಡೆಯುತ್ತದೆ. ಹೇಗೂ ಆಧಾರ್ ಕೈಗೆತ್ತಿಕೊಂಡಿದ್ದೀರಿ, ಮಗುವಿಗೆ ಐದು ತುಂಬಿದ್ದರೆ ಬೆರಳಚ್ಚು, ಕಣ್ಣಿನ ಗುರುತು ಅಪ್‌ಡೇಟ್ ಮಾಡಿಸಿಬಿಡಿ.

ಮಗು ‘ನಮ್ಮ ಮನೆಗೆ ಹೋಗೋಣ’ ಅಂತ ಅಳುತ್ತೆ. ಏನು ಮಾಡಲಿ?

ನಮ್ಮವಳು ಹತ್ತು ದಿನ ಏನೂ ಹೇಳಲಿಲ್ಲ. ಹೊಸ ರೂಮು, ಟೆರೇಸ್ ಅಂತ ಕುಣಿದಳು. ನೆಂಟರ ಮನೆಗೆ ಬಂದಿದ್ದೇವೆ ಅಂದುಕೊಂಡಿದ್ದಳು ಅಂತ ಆಮೇಲೆ ಗೊತ್ತಾಯಿತು. ಹನ್ನೊಂದನೇ ದಿನ ಬೆಳಿಗ್ಗೆ ತನ್ನ ಬ್ಯಾಗಿಗೆ ಎರಡು ಫ್ರಾಕು, ಗೊಂಬೆ ತುಂಬಿಕೊಂಡು ಬಾಗಿಲ ಹತ್ತಿರ ನಿಂತು, ‘ಸಾಕಮ್ಮ, ಈಗ ಮನೆಗೆ ಹೋಗೋಣ’ ಅಂದಳು.

‘ಇದೇ ನಮ್ಮ ಮನೆ’ ಅಂತ ಬುದ್ಧಿ ಹೇಳಿದೆ. ಕೆಲಸ ಮಾಡಲಿಲ್ಲ, ಜೋರಾಗಿ ಅತ್ತಳು. ಕೊನೆಗೆ ಭಾನುವಾರ ಹನುಮಂತನಗರಕ್ಕೆ ಕರೆದುಕೊಂಡು ಹೋದೆ. ಹಳೇ ಮನೆಯ ಕಿಟಕಿಯಲ್ಲಿ ಬೇರೆಯವರ ಬಟ್ಟೆ ಒಣಗುತ್ತಿತ್ತು. ಅವಳು ಸ್ವಲ್ಪ ಹೊತ್ತು ನೋಡಿ, ‘ಅವರ ಟವೆಲ್ ಹಸಿರು’ ಅಂದಳು. ಕೆಳಗಿನ ಮನೆ ಅಂಕಲ್ ಕೊಟ್ಟ ಬಿಸ್ಕತ್ತು ತಿಂದು ವಾಪಸ್ ಬಂದೆವು. ಆಮೇಲೆ ಆ ಮಾತು ಎತ್ತಲಿಲ್ಲ. ಎಲ್ಲ ಮಕ್ಕಳಿಗೂ ಇದು ಸರಿಹೋಗುತ್ತದೋ ಇಲ್ಲವೋ, ನಮ್ಮವಳಿಗೆ ಹೋಯಿತು.

ಒಂದು ಕೆಲಸ ಮಾತ್ರ ಮಾಡಬೇಡಿ. ಮನೆ ಬದಲಿಸುವುದು, ಸ್ಕೂಲಿಗೆ ಸೇರಿಸುವುದು, ಹಾಲು ಬಿಡಿಸುವುದು, ಬೇರೆ ಮಲಗಿಸುವುದು, ಎಲ್ಲವನ್ನೂ ಒಂದೇ ತಿಂಗಳಲ್ಲಿ ಇಟ್ಟುಕೊಳ್ಳಬೇಡಿ. ಹೊಸ ಮನೆಯಲ್ಲಿ ಹೊಸ ಅಭ್ಯಾಸ ಅಂತ ನಾವೂ ಹುರುಪಿನಲ್ಲಿ ಶುರು ಮಾಡಿದ್ದೆವು. ನಾಲ್ಕು ರಾತ್ರಿಗೆ ಎಲ್ಲರೂ ಒಂದೇ ಹಾಸಿಗೆಗೆ ವಾಪಸ್.

ಅಜ್ಜಿಗೆ ಬೇಸರ ಆಗಲ್ವಾ?

ಆಗುತ್ತದೆ. ಮಕ್ಕಳಿಗಿಂತ ಜಾಸ್ತಿ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮತ್ತೆಗೆ ಹನುಮಂತನಗರದಲ್ಲಿ ರಾಮಾಂಜನೇಯ ಗುಡ್ಡ ಇತ್ತು, ಗಾಂಧಿ ಬಜಾರಿನ ಹೂವಿನವಳು ಇದ್ದಳು, ಸಂಜೆ ಕಟ್ಟೆ ಮೇಲೆ ಕೂರುವ ನಾಲ್ಕು ಜನ ಇದ್ದರು. ಇಲ್ಲಿ ಮೊದಲ ಆರು ತಿಂಗಳು ಟಿವಿ. ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಮಗು ಜೊತೆ ಇಡೀ ದಿನ ಒಬ್ಬರೇ. ‘ಅತ್ತೆ ಇದ್ದಾರಲ್ಲ, ಮಕ್ಕಳ ಚಿಂತೆ ಇಲ್ಲ’ ಅಂತ ಲೆಕ್ಕ ಹಾಕಿ ಮನೆ ಬದಲಿಸುವವರು ಅವರನ್ನು ಕೇಳಿಯೇ ಹಾಕಿ. ನಾವು ಕೇಳಿರಲಿಲ್ಲ, ತಿಳಿಸಿದ್ದೆವು ಅಷ್ಟೇ.

ಸರಿಹೋಗಿದ್ದು ಮಗಳ ಸ್ಕೂಲಿನಿಂದ. ಬಿಡಲು, ಕರೆತರಲು ಹೋಗುವಾಗ ಗೇಟಿನ ಹತ್ತಿರ ಇನ್ನಿಬ್ಬರು ಅಜ್ಜಿಯರು ಸಿಕ್ಕರು. ಒಬ್ಬರದು ಚನ್ನಪಟ್ಟಣ, ಇನ್ನೊಬ್ಬರದು ಮಾಗಡಿ. ಈಗ ಹನ್ನೆರಡೂವರೆಗೆ ಬಿಡುವ ಶನಿವಾರ ಇವರು ಹನ್ನೊಂದೂವರೆಗೇ ಹೊರಡುತ್ತಾರೆ.

ಹೊಸ ಬೀದಿಯಲ್ಲಿ ಪರಿಚಯ ಮಾಡಿಕೊಳ್ಳುವುದು ಹೇಗೆ?

ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ತಲೆ ಎತ್ತಿ ನಗಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ, ಮೂಲೆಯ ಸೈಟಿನಲ್ಲಿ ಎಸೆಯಬೇಡಿ. ಸಂಕ್ರಾಂತಿಗೆ ಎಳ್ಳು ಬೀರಲು ಮಗಳನ್ನು ಎಂಟು ಮನೆಗೆ ಕಳಿಸಿದೆ, ಆರು ಮನೆಯಿಂದ ವಾಪಸ್ ಬಂತು. ಆ ಆರು ಮನೆಯವರ ನಂಬರ್ ಇವತ್ತು ನನ್ನ ಫೋನಿನಲ್ಲಿದೆ.

ವಾಪಸ್ ಹೋಗಬೇಕು ಅನಿಸಲ್ವಾ?

ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಗಾಂಧಿ ಬಜಾರಿನಲ್ಲಿ ದೋಸೆ ತಿಂದು ರಾತ್ರಿ ಮೆಟ್ರೋದಲ್ಲಿ ಬರುವಾಗ. ನಮ್ಮನೆಯವರಿಗೆ ನೈಸ್ ರಸ್ತೆಯ ಟೋಲ್ ಹತ್ತಿರ ದಿನಾ ಅನಿಸುತ್ತದೆ. ಮಕ್ಕಳಿಗೆ ಅನಿಸಲ್ಲ. ಮಗನಿಗೆ ಬೇರೆ ಮನೆ ಗೊತ್ತೇ ಇಲ್ಲ.

ಮನೆ ನೋಡಲು ಯಾವಾಗ ಬರಲಿ?

ವಾರದ ದಿನ ಸಂಜೆ ಐದೂವರೆಗೆ ಬನ್ನಿ, ಆಗ ವಾಸನೆ, ಟ್ರಾಫಿಕ್ಕು, ಸೊಳ್ಳೆ ಎಲ್ಲ ಒಟ್ಟಿಗೆ ಸಿಗುತ್ತವೆ. ಮಗುವನ್ನು ಕರೆತನ್ನಿ. ಫ್ರಿಜ್ ಅಳತೆ ಬರೆದುಕೊಂಡು ಬನ್ನಿ, ಇಲ್ಲಿನ ಅಡುಗೆಮನೆ ಬಾಗಿಲುಗಳು ಸಣ್ಣವು. ಮಳೆ ಬಂದು ನಿಂತ ಮರುದಿನ ಸಿಕ್ಕರೆ ಇನ್ನೂ ಒಳ್ಳೆಯದು, ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ.